ಮೀನುತೊಟ್ಟಿಗೆ ಅಂತಸ್ತಿನ ಅಟ್ಟಣಿಗೆ: ಭಾರ, ಬಾಗು, ಓಲಾಟ

ಬಾವಿಯಿಂದ ಕೊಡ ಹೊತ್ತು ತಂದವರಿಗೆ ನೀರಿನ ತೂಕವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನಲ್ಲಿಗೆ ಕೊಳವೆ ಸಿಕ್ಕಿಸಿ ತೊಟ್ಟಿ ತುಂಬಿಸುವವರಿಗೆ ಮಾತ್ರ ಅದು ಮರೆತುಹೋಗುತ್ತದೆ. ಗಾಜಿನ ತೊಟ್ಟಿಯೊಳಗೆ ಹಸಿರು ಗಿಡಗಳ ನಡುವೆ ಬಣ್ಣದ ಮೀನುಗಳು ಸುಳಿದಾಡುವಾಗ ನೋಡುವವರ ದೃಷ್ಟಿ ಮೀನಿನ ಮೇಲೆ ನಿಲ್ಲುತ್ತದೆಯೇ ಹೊರತು, ಆ ನೀರಿನ ರಾಶಿಯನ್ನು ಹಗಲಿರುಳು ಹೊತ್ತು ನಿಂತಿರುವ ಅಟ್ಟಣಿಗೆಯ ಮೇಲೆ ಅಲ್ಲ. ಗಾಜಿಗೂ ಮೀನಿಗೂ ದೀಪಕ್ಕೂ ಧಾರಾಳವಾಗಿ ಹಣ ತೆರುವವರು ಅಟ್ಟಣಿಗೆಯ ಮಾತು ಬಂದೊಡನೆ ಕೈ ಬಿಗಿಹಿಡಿಯುತ್ತಾರೆ. ಹಳೆಯ ಮೇಜೊಂದು ಸಾಕೆಂದು ಸಮಾಧಾನಪಟ್ಟುಕೊಳ್ಳುತ್ತಾರೆ. ಒಂದೇ ತೊಟ್ಟಿಯಿದ್ದಾಗ ಈ ಅಲಕ್ಷ್ಯ ಕೆಲಕಾಲ ನಡೆದೀತು. ಒಂದರ ಮೇಲೊಂದು ತೊಟ್ಟಿಯನ್ನಿರಿಸುವ ಅಂತಸ್ತಿನ ಅಟ್ಟಣಿಗೆಯಲ್ಲಿ ಅದು ಸಲ್ಲದು. ಶಾಲೆಯ ವಿಜ್ಞಾನ ಕೊಠಡಿಯಲ್ಲಾಗಲಿ, ಮನೆಯ ನಡುಮನೆಯಲ್ಲಾಗಲಿ, ಅದರ ಮುಂದೆ ಮೂಗನ್ನು ಗಾಜಿಗೊತ್ತಿ ನಿಲ್ಲುವವರು ಮಕ್ಕಳು.

ಸ್ಥಳಾಭಾವವೇ ಅಂತಸ್ತಿನ ಅಟ್ಟಣಿಗೆಗೆ ಮುಖ್ಯ ಕಾರಣ. ಮರಿಗಳನ್ನು ಬೇರೆ ಬೆಳೆಸಲು, ರೋಗ ತಗುಲಿದ ಮೀನನ್ನು ಪ್ರತ್ಯೇಕಿಸಲು, ಹೊಸದಾಗಿ ತಂದವನ್ನು ಕೆಲವು ವಾರ ದೂರವಿರಿಸಿ ನೋಡಲು ಎರಡನೆಯ ತೊಟ್ಟಿ ಬೇಕಾಗುತ್ತದೆ. ನೆಲದ ಮೇಲೆ ಜಾಗವಿಲ್ಲದಿದ್ದಾಗ ಮೇಲಕ್ಕೆ ಹೋಗುವುದು ಸಹಜ. ಆದರೆ ಮೇಲಕ್ಕೆ ಹೋದಂತೆ ಭಾರ ಹೆಚ್ಚುವುದಷ್ಟೇ ಅಲ್ಲ, ಭಾರದ ಸ್ವಭಾವವೇ ಬದಲಾಗುತ್ತದೆ. ಮರ ಕಬ್ಬಿಣಗಳ ಜಾತಿಯನ್ನು ಆರಿಸುವುದಕ್ಕಿಂತ ಮೊದಲು ತಿಳಿಯಬೇಕಾದ ಸಂಗತಿ ಇದು.

ತೂಕದ ಲೆಕ್ಕ

ಉದಾಹರಣೆಗೆ ಎರಡು ತೊಟ್ಟಿಗಳನ್ನು ತೆಗೆದುಕೊಳ್ಳೋಣ. ಕೆಳಗಿನದು 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಮೇಲಿನದರ ಉದ್ದ ಅಗಲಗಳು ಅಷ್ಟೇ; ಎತ್ತರ ಮಾತ್ರ 1 ಅಡಿ. ಮೇಲಿನ ತೊಟ್ಟಿಯ ಆಳವನ್ನು ಕಡಿಮೆ ಮಾಡುವುದಕ್ಕೆ ಎರಡು ಕಾರಣಗಳುಂಟು. ಎತ್ತರದಲ್ಲಿರುವ ಆಳವಾದ ತೊಟ್ಟಿಯ ತಳಕ್ಕೆ ಕೈ ನಿಲುಕುವುದಿಲ್ಲ; ಮೇಲಾಗಿ ಹೆಚ್ಚು ತೂಕದ ವಸ್ತು ಯಾವಾಗಲೂ ಕೆಳಗಿರತಕ್ಕದ್ದು.

ಕೆಳಗಿನ ತೊಟ್ಟಿಯ ಗಾತ್ರ 9 ಘನ ಅಡಿ. ಒಂದು ಘನ ಅಡಿಯಲ್ಲಿ 28.3 ಲೀಟರ್ ನೀರು ಹಿಡಿಯುವುದರಿಂದ ಒಟ್ಟು ಸುಮಾರು 255 ಲೀಟರ್. ಒಂದು ಲೀಟರ್ ನೀರಿನ ತೂಕ ಒಂದು ಕಿಲೋಗ್ರಾಂ ಎಂಬುದು ಪ್ರಾಥಮಿಕ ಶಾಲೆಯ ಪಾಠ. ಆದುದರಿಂದ ನೀರೊಂದೇ 255 ಕಿಲೋ. ಹದಿನೈದು ಲೀಟರಿನ ಕೊಡದಲ್ಲಿ ಅಳೆದರೆ ಹದಿನೇಳು ಕೊಡ. ಇನ್ನು ಗಾಜು. ಅದು ನೀರಿನ ಎರಡೂವರೆ ಪಟ್ಟು ಭಾರ. 10 ಮಿಲಿಮೀಟರ್ ದಪ್ಪದ ಗಾಜು ಚದರ ಮೀಟರಿಗೆ 25 ಕಿಲೋ ತೂಗುತ್ತದೆ. ತಳ ಮತ್ತು ನಾಲ್ಕು ಗೋಡೆ ಸೇರಿ ಎರಡು ಚದರ ಮೀಟರಿಗೆ ತುಸು ಮಿಗಿಲಾಗುವುದರಿಂದ ಗಾಜಿನ ತೂಕ 50 ಕಿಲೋ. ತಳದಲ್ಲಿ ಹರಡುವ ಮರಳು ಜಲ್ಲಿಗೆ 40, ಮುಚ್ಚಳ, ದೀಪ, ಶೋಧಕ ಯಂತ್ರಗಳಿಗೆ 5 ಕಿಲೋ ಹಿಡಿದರೆ 350 ಕಿಲೋ ಆಯಿತು. ತೊಟ್ಟಿಯನ್ನು ಅಂಚಿನವರೆಗೆ ತುಂಬುವುದಿಲ್ಲ, ಜಲ್ಲಿ ಇದ್ದ ಕಡೆ ಅಷ್ಟು ನೀರು ಇರುವುದಿಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ನಿಜವೇ, ಆದರೆ ಭಾರದ ಲೆಕ್ಕದಲ್ಲಿ ತಪ್ಪುವುದಾದರೆ ಹೆಚ್ಚಿನ ಕಡೆಗೆ ತಪ್ಪುವುದೇ ಲೇಸು. ಇದೇ ಕ್ರಮದಲ್ಲಿ ಮೇಲಿನ ತೊಟ್ಟಿಗೆ 8 ಮಿಲಿಮೀಟರ್ ಗಾಜು ಹಿಡಿದು ಎಣಿಸಿದರೆ 235 ಕಿಲೋ ಬರುತ್ತದೆ. ಮರದ ಅಟ್ಟಣಿಗೆಯ ಸ್ವಂತ ತೂಕ ಸುಮಾರು 75 ಕಿಲೋ. ಅಂತೂ ಒಟ್ಟು 660 ಕಿಲೋ. ಹದಿಮೂರು ಸಿಮೆಂಟು ಚೀಲಗಳನ್ನು ಗೋಡೆಯ ಬದಿಯಲ್ಲಿ ಎದೆಯೆತ್ತರಕ್ಕೆ ಪೇರಿಸಿದಂತೆ ಎಂದು ಊಹಿಸಿಕೊಂಡರೆ ಚಿತ್ರ ಸ್ಪಷ್ಟವಾದೀತು.

ಇಷ್ಟು ಭಾರ ಕೇಳಿದವರು ಸಾಮಾನ್ಯವಾಗಿ ಮಾಡುವ ಕೆಲಸ ಕಾಲುಗಳನ್ನು ದಪ್ಪವಾಗಿಸುವುದು. ಇದು ಅರ್ಧ ತಿಳಿವಳಿಕೆಯ ಫಲ. ಒಣಗಿದ ಗಟ್ಟಿಮರವನ್ನು ಅದರ ಎಳೆಯ ಉದ್ದಕ್ಕೆ ಒತ್ತಿದಾಗ ಒಂದು ಚದರ ಸೆಂಟಿಮೀಟರಿಗೆ 40 ಕಿಲೋ ಭಾರವನ್ನು ನಿರಾತಂಕವಾಗಿ ಹೊರುತ್ತದೆ; ಸಾಗವಾನಿಯಂಥ ಮರ ಇದಕ್ಕೂ ಹೆಚ್ಚು ಹೊರಬಲ್ಲುದು. 4 ಸೆಂಟಿಮೀಟರ್ ದಪ್ಪ, ಏಳೂವರೆ ಸೆಂಟಿಮೀಟರ್ ಅಗಲದ ಒಂದು ತುಂಡಿನ ಕೊಯ್ದ ಮುಖ 30 ಚದರ ಸೆಂಟಿಮೀಟರ್. ಅಂದರೆ ಅದೊಂದೇ 1,200 ಕಿಲೋ ಹೊತ್ತೀತು. ಇಡೀ ಅಟ್ಟಣಿಗೆಯ ಭಾರ ಒಂದೇ ಕಾಲಿನ ಮೇಲೆ ಬಿದ್ದರೂ ಆ ಕಾಲು ಜಜ್ಜಿಹೋಗುವುದಿಲ್ಲವೆಂದಾಯಿತು. ಹಾಗಾದರೆ ಅಟ್ಟಣಿಗೆಗಳು ಕೆಡುವುದು ಎಲ್ಲಿ? ನೇರವಾಗಿ ಇಳಿಯುವ ಭಾರದಿಂದ ಕೆಡುವುದು ತೀರ ಅಪರೂಪ. ಭಾರ ಕಾಲಿಗೆ ತಲುಪುವ ಮುನ್ನ ಕೂಡುವೆಡೆಯಲ್ಲಿ, ಉದ್ದಕ್ಕೆ ಚಾಚಿದ ತೊಲೆಯ ನಡುವಿನಲ್ಲಿ, ಮತ್ತು ಎಲ್ಲಕ್ಕಿಂತ ಮಿಗಿಲಾಗಿ ಪಕ್ಕಕ್ಕೆ ಓಲುವ ಚಲನೆಯಲ್ಲಿ ಕೇಡು ಹುಟ್ಟುತ್ತದೆ. ಈ ಮೂರನ್ನೂ ಒಂದೊಂದಾಗಿ ನೋಡುವುದು ಯುಕ್ತ.

ಕಂಬ, ಬೋದಿಗೆ, ತೊಲೆ

ಉತ್ತರ ಕರ್ನಾಟಕದ ಹಳೆಯ ಮಾಳಿಗೆ ಮನೆಗಳನ್ನು ಹೊಕ್ಕು ತಲೆಯೆತ್ತಿ ನೋಡಿದವರಿಗೆ ಒಂದು ಕ್ರಮ ಕಾಣುತ್ತದೆ. ಕಂಬದ ತಲೆಯ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಸಾಲಾಗಿ ಜಂತಿಗಳು, ಅದರ ಮೇಲೆ ಮಣ್ಣಿನ ಮೇಲ್ಮುದ್ದೆ. ಮಳೆಗಾಲದಲ್ಲಿ ನೀರು ಕುಡಿದ ಮಣ್ಣಿನ ಭಾರ ಕಡಿಮೆಯದಲ್ಲ. ಆದರೂ ತೊಲೆಯನ್ನು ಕಂಬದ ಪಕ್ಕಕ್ಕೆ ಮೊಳೆ ಹೊಡೆದು ನೇತುಹಾಕಿದ ಬಡಗಿ ಯಾವನೂ ಇಲ್ಲ. ಮರ ಮರದ ಮೇಲೆ ಕುಳಿತಿದೆ. ಭಾರ ಮರದಿಂದ ಮರಕ್ಕೆ ಇಳಿದು ನೆಲ ಸೇರುತ್ತದೆ. ಮೊಳೆ ಇದ್ದರೆ ಅದು ತುಂಡುಗಳು ಸರಿಯದಂತೆ ಹಿಡಿಯುವುದಕ್ಕೆ ಮಾತ್ರ.

ಮೀನುತೊಟ್ಟಿಯ ಅಟ್ಟಣಿಗೆಗೆ ಬೇಕಾದ ಮೊದಲನೆಯ ಸೂತ್ರ ಇದೇ. ಅವಸರದಲ್ಲಿ ಮಾಡಿದ ಅಟ್ಟಣಿಗೆಗಳಲ್ಲಿ ಉದ್ದ ತೊಲೆಯನ್ನು ಕಾಲಿನ ಒಳಮೈಗೆ ಒತ್ತಿ ಎರಡು ಮೂರು ತಿರುಪುಮೊಳೆ ಹಾಕಿಬಿಡುತ್ತಾರೆ. ಆಗ ನೂರಾರು ಕಿಲೋ ಭಾರ ಬೆಂಕಿಕಡ್ಡಿಗಿಂತ ಸ್ವಲ್ಪ ದಪ್ಪನಾದ ಕೆಲವು ಉಕ್ಕಿನ ಕಡ್ಡಿಗಳ ಮೇಲೆ ನೇತಾಡುತ್ತದೆ. ಮೊದಲ ದಿನ ಏನೂ ಆಗುವುದಿಲ್ಲ. ಮೊದಲ ವರ್ಷವೂ ಆಗದಿರಬಹುದು. ಆದರೆ ಮರ ಬೇಸಗೆಯಲ್ಲಿ ಕುಗ್ಗಿ ಮಳೆಗಾಲದಲ್ಲಿ ಹಿಗ್ಗುತ್ತ ಹೋದಂತೆ ತಿರುಪುಮೊಳೆಯ ತೂತು ದುಂಡನೆಯ ಆಕಾರ ಬಿಟ್ಟು ಅಂಡಾಕಾರವಾಗುತ್ತದೆ, ಮೊಳೆ ತಲೆ ಬಾಗಿಸುತ್ತದೆ, ತೊಲೆ ಕೂದಲೆಳೆಯಷ್ಟು ಜಾರುತ್ತದೆ. ಒಂದು ಮೂಲೆ ಜಾರಿದರೆ ಮೇಲಿರುವ ಗಾಜು ತಿರುಚಿಕೊಳ್ಳುತ್ತದೆ. ಮರ ಬಾಗಿಯಾದರೂ ತಾಳೀತು, ಗಾಜಿಗೆ ಬಾಗುವ ವಿದ್ಯೆ ಬಾರದು.

ಇದಕ್ಕೆ ಪರಿಹಾರ ಸುಲಭವಾಗಿದೆ. ಪ್ರತಿಯೊಂದು ಕಾಲನ್ನೂ ಇಬ್ಬಗೆಯಾಗಿ ಮಾಡತಕ್ಕದ್ದು. ಹೊರಗಿನ ಪಟ್ಟಿ ನೆಲದಿಂದ ತುದಿಯವರೆಗೆ ಅಖಂಡವಾಗಿ ಏರುತ್ತದೆ. ಇದು 5 ಸೆಂಟಿಮೀಟರ್ ದಪ್ಪ, ಏಳೂವರೆ ಸೆಂಟಿಮೀಟರ್ ಅಗಲ. ಅದರ ಬೆನ್ನಿಗೆ ಹೊಂದಿಕೊಂಡು ಒಳಗಿನ ಪಟ್ಟಿ ತುಂಡುತುಂಡಾಗಿ ನಿಲ್ಲುತ್ತದೆ. ನೆಲದಿಂದ 16 ಸೆಂಟಿಮೀಟರ್ ಎತ್ತರದ ಮೊದಲ ತುಂಡಿನ ತಲೆಯ ಮೇಲೆ ಕೆಳ ಅಂತಸ್ತಿನ ಉದ್ದ ತೊಲೆ ಕೂರುತ್ತದೆ. ಆ ತೊಲೆಯ ಮೇಲೆ 81 ಸೆಂಟಿಮೀಟರಿನ ಎರಡನೆಯ ತುಂಡು, ಅದರ ತಲೆಯ ಮೇಲೆ ಮೇಲಂತಸ್ತಿನ ತೊಲೆ. ತೊಲೆಗಳ ಎತ್ತರ 12 ಸೆಂಟಿಮೀಟರ್, ಮೇಲೆ ಹಾಸುವ ಹಲಗೆ 2 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಕೆಳಗಿನ ತೊಟ್ಟಿ ನೆಲದಿಂದ 30 ಸೆಂಟಿಮೀಟರಿನಲ್ಲಿಯೂ ಮೇಲಿನದು 123 ಸೆಂಟಿಮೀಟರಿನಲ್ಲಿಯೂ ಕೂರುತ್ತವೆ. ಕೆಳಗಿನ ತೊಟ್ಟಿಯ ಅಂಚಿಗೂ ಮೇಲಿನ ತೊಲೆಗೂ ನಡುವೆ 33 ಸೆಂಟಿಮೀಟರ್ ತೆರವು ಉಳಿಯುತ್ತದೆ. ಬಲೆ ಹಿಡಿದ ಕೈ ಒಳಗೆ ಹೋಗಿ ಬರಲು ಇಷ್ಟು ಬೇಕೇ ಬೇಕು. ಅಂದಕ್ಕಾಗಿ ಈ ತೆರವನ್ನು ಕಿರಿದು ಮಾಡಿದವರು ತೊಟ್ಟಿ ತೊಳೆಯುವ ದಿನ ಪರಿತಪಿಸುತ್ತಾರೆ.

ತೊಲೆಯ ಉದ್ದ 140 ಸೆಂಟಿಮೀಟರ್ ಇರಬೇಕು. ತೊಟ್ಟಿ 122 ಸೆಂಟಿಮೀಟರ್ ಮಾತ್ರವಿದ್ದರೂ ಎರಡೂ ಕೊನೆಗಳಲ್ಲಿ ಕಾಲುಗಳಿಗೆ ಸ್ಥಳ ಬಿಡಬೇಕಷ್ಟೆ. ಹೀಗೆ ಮಾಡಿದಾಗ ಕಾಲುಗಳ ನಡುವೆ 125 ಸೆಂಟಿಮೀಟರ್ ಬಯಲು ದೊರೆತು ಕೆಳಗಿನ ತೊಟ್ಟಿಯನ್ನು ಮುಂಭಾಗದಿಂದಲೇ ಒಳಗೆ ಸರಿಸಬಹುದು. ಅಳತೆ ಹಾಕುವಾಗ ಈ ಅಂಶವನ್ನು ಮರೆತು, ಅಟ್ಟಣಿಗೆ ಪೂರ್ಣವಾದ ಮೇಲೆ ತೊಟ್ಟಿ ಒಳಗೆ ಹೋಗದೆ ಕಾಲು ಕತ್ತರಿಸಬೇಕಾಗಿ ಬಂದರೆ ನಗುವವರು ಅನೇಕರು. ತೊಟ್ಟಿಯ ಅಗಲ 46 ಸೆಂಟಿಮೀಟರ್. ಮುಂದೆ ಹಿಂದೆ ಹೊರಪಟ್ಟಿಗಳ ದಪ್ಪ ಸೇರಿ ಅಟ್ಟಣಿಗೆಯ ತಳದ ಅಗಲ 56 ಸೆಂಟಿಮೀಟರ್ ಆಗುತ್ತದೆ. ಈ ಹೆಚ್ಚಿನ ಅಗಲ ಮುಂದೆ ಉಪಯೋಗಕ್ಕೆ ಬರಲಿದೆ.

ನಿಂತ ತೊಲೆ, ಮಲಗಿದ ತೊಲೆ

ತೊಲೆಯನ್ನು ನಿಲ್ಲಿಸಿ ಕೂರಿಸಬೇಕೋ ಮಲಗಿಸಿ ಕೂರಿಸಬೇಕೋ ಎಂಬ ಪ್ರಶ್ನೆಗೆ ಅಡಿಪಟ್ಟಿಯೊಂದೇ ಉತ್ತರ ಹೇಳುತ್ತದೆ. ಅದನ್ನು ಚಪ್ಪಟೆಯಾಗಿ ಹಿಡಿದು ಒತ್ತಿದರೆ ಬಿಲ್ಲಿನಂತೆ ಬಾಗುತ್ತದೆ. ಅಂಚಿನ ಮೇಲೆ ನಿಲ್ಲಿಸಿ ಒತ್ತಿದರೆ ಬಾಗುವುದೇ ಇಲ್ಲ. ತೊಲೆಯ ಬಿಗಿತನ ಅದರ ಅಗಲಕ್ಕೆ ಅನುಗುಣವಾಗಿಯೂ, ಎತ್ತರದ ಘನಕ್ಕೆ ಅನುಗುಣವಾಗಿಯೂ ಇರುತ್ತದೆ. ಎತ್ತರ ಇಮ್ಮಡಿಸಿದರೆ ಬಾಗು ಎಂಟರಲ್ಲೊಂದು ಪಾಲಿಗೆ ಇಳಿಯುತ್ತದೆ. ಅದಕ್ಕೆ ಪ್ರತಿಯಾಗಿ, ಅಡಿಯೊಂದಕ್ಕೆ ಬೀಳುವ ಭಾರ ಅಷ್ಟೇ ಇದ್ದು ಉದ್ದ ಮಾತ್ರ ಇಮ್ಮಡಿಸಿದರೆ ಬಾಗು ಹದಿನಾರು ಪಟ್ಟಾಗುತ್ತದೆ. ಎರಡು ಅಡಿಯ ತೊಟ್ಟಿಗೆ ಸಾಕಾದ ಪಟ್ಟಿಯೇ ನಾಲ್ಕು ಅಡಿಯ ತೊಟ್ಟಿಗೂ ಸಾಕೆಂಬ ಭ್ರಮೆ ಎಷ್ಟು ಅಪಾಯಕರವೆಂಬುದು ಇದರಿಂದ ವೇದ್ಯವಾಗುತ್ತದೆ.

ಉದಾಹರಣೆಯ ತೊಟ್ಟಿಗೇ ಇದನ್ನು ಹೊಂದಿಸಬಹುದು. ಕೆಳಗಿನ ಅಂತಸ್ತಿನ 350 ಕಿಲೋ ಭಾರದಲ್ಲಿ ಮುಂದಿನ ತೊಲೆಗೆ ಅರ್ಧ, ಅಂದರೆ 175 ಕಿಲೋ. ಸಾಗವಾನಿಯಂಥ ಮರದಲ್ಲಿ 4 ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರದ ತೊಲೆಯನ್ನು ನಿಲ್ಲಿಸಿದರೆ 125 ಸೆಂಟಿಮೀಟರ್ ಹರವಿನ ನಡುವೆ ಅದು ಸುಮಾರು 1.4 ಮಿಲಿಮೀಟರ್ ಬಾಗುತ್ತದೆ. ಅದೇ ತುಂಡನ್ನು ಮಲಗಿಸಿದರೆ ಬಾಗು ಆರೂಕಾಲು ಪಟ್ಟಾಗಿ 8 ಮಿಲಿಮೀಟರನ್ನು ಮೀರುತ್ತದೆ. ಮರ ಅಷ್ಟೇ, ಖರ್ಚು ಅಷ್ಟೇ. ಇಟ್ಟ ರೀತಿ ಬೇರೆ. ನಿಲ್ಲಿಸಿದ ತೊಲೆಯ ಎತ್ತರವನ್ನು 12 ಸೆಂಟಿಮೀಟರಿಗೆ ಏರಿಸಿದರೆ ಬಾಗು 0.8 ಮಿಲಿಮೀಟರಿಗೆ ಇಳಿಯುತ್ತದೆ. ಹೀಗಾಗಿ 12 ಸೆಂಟಿಮೀಟರೇ ಗ್ರಾಹ್ಯ.

ಎರಡು ಮಿಲಿಮೀಟರಿನೊಳಗಿನ ಬಾಗಿಗೆ ಇಷ್ಟೊಂದು ಚಿಂತೆಯೇಕೆ ಎಂದು ಕೇಳಬಹುದು. ಮರಕ್ಕೆ ಒಂದು ದೌರ್ಬಲ್ಯವುಂಟು. ಪುಸ್ತಕದ ಕಪಾಟಿನ ಹಲಗೆ ವರ್ಷಗಳು ಕಳೆದಂತೆ ನಡುವಿನಲ್ಲಿ ಜೋಲು ಬೀಳುವುದನ್ನು ಎಲ್ಲರೂ ಕಂಡಿದ್ದಾರೆ. ಅದರ ಮೇಲೆ ಹೊಸ ಪುಸ್ತಕ ಇಟ್ಟದ್ದಿಲ್ಲ. ಆದರೂ ಬಾಗು ಬೆಳೆದಿದೆ. ಸತತವಾದ ಭಾರದ ಕೆಳಗೆ ಮರ ನಿಧಾನವಾಗಿ ಸೋಲುತ್ತ ಹೋಗುತ್ತದೆ, ತೇವವಿದ್ದರೆ ಇನ್ನೂ ಬೇಗ. ಮೊದಲ ದಿನದ ಬಾಗು ಕಾಲಾಂತರದಲ್ಲಿ ಇಮ್ಮಡಿಯಾಗುವುದೆಂದು ಎಣಿಸಿಯೇ ಅಳತೆಯನ್ನು ನಿರ್ಣಯಿಸುವುದು ವಿವೇಕ. ಮೇಜಿನ ಮೇಲೆ ಹತ್ತು ಜನ ಒಂದು ಗಳಿಗೆ ಹತ್ತಿ ನಿಂತು ಇಳಿದರೆ ಮೇಜು ಚೇತರಿಸಿಕೊಳ್ಳುತ್ತದೆ. ಮೀನುತೊಟ್ಟಿ ಎಂದೂ ಇಳಿಯುವುದಿಲ್ಲ.

ಉಕ್ಕಿಗೆ ಈ ದೌರ್ಬಲ್ಯವಿಲ್ಲ. ಆಂಗಲ್ ಕಬ್ಬಿಣವನ್ನು ಬೆಸುಗೆ ಹಾಕಿಸಿ ಮಾಡಿದ ಅಟ್ಟಣಿಗೆ ವರ್ಷಾನುಗಟ್ಟಲೆ ಬಾಗದೆ ನಿಲ್ಲುತ್ತದೆ. ಆದರೆ ಅದರ ಶತ್ರು ತುಕ್ಕು. ತೊಟ್ಟಿಯ ಬಳಿ ನೀರು ಚಿಮ್ಮದ ದಿನವಿಲ್ಲ. ಚೌಕ ಕೊಳವೆಗಳ ಬಾಯಿ ತೆರೆದಿದ್ದರೆ ಒಳಗಿನಿಂದ ತುಕ್ಕು ಹಿಡಿದು ಹೊರಗೆ ಬಣ್ಣ ಮಾತ್ರ ಹೊಳೆಯುತ್ತಿರುತ್ತದೆ. ಅಂಗಡಿಗಳಲ್ಲಿ ಸಾಮಾನು ಪೇರಿಸಲು ಬಳಸುವ ತೂತುಗಳ ಆಂಗಲ್ ಚೌಕಟ್ಟು ಇನ್ನೊಂದು ಬಗೆ. ಅದರ ಹಲಗೆಗಳು ಬೋಲ್ಟುಗಳ ಮೇಲೆ ನೇತಾಡುವುದರಿಂದ, ಮೂಲೆತಗಡುಗಳಿಲ್ಲದೆ ಅದನ್ನು ದೊಡ್ಡ ತೊಟ್ಟಿಗೆ ಬಳಸಲೇಬಾರದು.

ಕಲ್ಲಿನ ಚಪ್ಪಡಿಯ ವಿಷಯದಲ್ಲಿ ಬೇರೆಯೇ ಎಚ್ಚರ ಬೇಕು. ಇಟ್ಟಿಗೆಯ ಎರಡು ಕಂಬ ಕಟ್ಟಿ ಮೇಲೆ ಶಹಾಬಾದು ಅಥವಾ ಕಡಪ ಕಲ್ಲು ಹಾಸುವುದು ಅಗ್ಗದ ಉಪಾಯ. ಕಲ್ಲು ಒತ್ತಡಕ್ಕೆ ಗಟ್ಟಿ, ಎಳೆತಕ್ಕೆ ದುರ್ಬಲ. ಬಾಗುವ ಯಾವುದೇ ಹಲಗೆಯ ಕೆಳಮೈ ಎಳೆತಕ್ಕೆ ಒಳಗಾಗುವುದರಿಂದ ಕಲ್ಲು ಮುನ್ಸೂಚನೆಯಿಲ್ಲದೆ ಒಮ್ಮೆಗೇ ಸೀಳುತ್ತದೆ. ನಮ್ಮ ಪ್ರಾಚೀನ ಗುಡಿಗಳ ಮಂಟಪಗಳಲ್ಲಿ ಕಂಬಗಳು ಅಷ್ಟು ಒತ್ತೊತ್ತಾಗಿ ನಿಂತಿರುವುದಕ್ಕೆ ಇದೊಂದು ಪ್ರಬಲ ಕಾರಣ. ಚಪ್ಪಡಿಯನ್ನೇ ಬಳಸುವುದಾದರೆ ನಡುವೆ ಮೂರನೆಯ ಕಂಬವೊಂದನ್ನು ಕಟ್ಟಲೇಬೇಕು. ಎರಡನೆಯ ಅಂತಸ್ತನ್ನು ಯೋಚಿಸಲೇಬಾರದು.

ಚೌಕವೂ ತ್ರಿಕೋಣವೂ

ನಾಲ್ಕು ಬಿದಿರ ಪಟ್ಟಿಗಳನ್ನು ಮೂಲೆಗೊಂದು ಮೊಳೆಯಂತೆ ಹೊಡೆದು ಚೌಕ ಮಾಡಿ, ಒಂದು ಮೂಲೆಯನ್ನು ಬೆರಳಿನಿಂದ ತಳ್ಳಿದರೆ ಚೌಕ ಓರೆಯಾಗಿ ಮಲಗುತ್ತದೆ. ಮೂರು ಪಟ್ಟಿಗಳ ತ್ರಿಕೋಣವನ್ನು ಎಷ್ಟು ತಳ್ಳಿದರೂ ಆಕಾರ ಕೆಡುವುದಿಲ್ಲ. ಪಟ್ಟಿಗಳ ಉದ್ದ ಬದಲಾಗದೆ ಚೌಕದ ಕೋನಗಳು ಬದಲಾಗಬಲ್ಲವು, ತ್ರಿಕೋಣದವು ಬದಲಾಗಲಾರವು. ಭೂಮಿತಿಯ ಈ ಸಣ್ಣ ಸತ್ಯವನ್ನು ತರಗತಿಯಲ್ಲಿ ಐದು ನಿಮಿಷದಲ್ಲಿ ತೋರಿಸಬಹುದು. ರೈಲು ಸೇತುವೆ, ವಿದ್ಯುತ್ ತಂತಿಯ ಗೋಪುರ, ಹಂಚಿನ ಮನೆಯ ಕತ್ತರಿ ಎಲ್ಲವೂ ತ್ರಿಕೋಣಗಳ ಸರಣಿಯಾಗಿರುವುದು ಈ ಕಾರಣದಿಂದಲೇ.

ಕಾಲು ಮತ್ತು ತೊಲೆಗಳಷ್ಟೇ ಇರುವ ಅಟ್ಟಣಿಗೆ ಕೇವಲ ಚೌಕಗಳ ಗೂಡು. ನೀರು ಶಾಂತವಾಗಿರುವಾಗ ಅದು ನಿಂತಿರುತ್ತದೆ. ಯಾರೋ ಒರಗಿದರು, ಮಗು ಕೆಳಗಿನ ಅಂಚಿಗೆ ಕಾಲಿಟ್ಟು ಮೇಲಿನ ಮೀನು ನೋಡಲು ಹತ್ತಿತು, ತೊಟ್ಟಿ ಒರೆಸುವಾಗ ಕೈ ಒತ್ತಿತು. ಅಷ್ಟರಲ್ಲಿ ಚೌಕಟ್ಟು ಒಂದಿಷ್ಟು ಓರೆಯಾಗುತ್ತದೆ. ಓರೆಯಾದ ಮರುಕ್ಷಣ ಮೇಲಿನ ಭಾರ ತಾನೇ ಓರೆಯನ್ನು ಹೆಚ್ಚಿಸಲು ತೊಡಗುತ್ತದೆ. ತೊಟ್ಟಿಯ ನೀರು ಕೂಡ ಓಲಿದ ಕಡೆಗೇ ಸರಿದು ಒತ್ತುತ್ತದೆ. ಕಾಲು ಎಷ್ಟೇ ದಪ್ಪವಿರಲಿ, ಇದನ್ನು ತಡೆಯಲಾರದು. ಅರ್ಧ ಟನ್ನಿಗೂ ಮೀರಿದ ನೀರು, ಗಾಜು, ಮರ ಒಟ್ಟಾಗಿ ಮುಂದಕ್ಕೆ ಬೀಳುವುದು ಇಂಥ ಸಂದರ್ಭದಲ್ಲಿ. ಆಗ ಮುಂದೆ ನಿಂತವರಿಗೆ ಸರಿಯಲು ಸಮಯವಿರುವುದಿಲ್ಲ.

ಆದ್ದರಿಂದ ಹಿಂಭಾಗಕ್ಕೆ ಮೇಲಿನಿಂದ ಕೆಳಗಿನವರೆಗೆ 12 ಮಿಲಿಮೀಟರ್ ದಪ್ಪದ ಪ್ಲೈವುಡ್ ಹಾಳೆಯನ್ನು ಅಂಟಿನೊಡನೆ ತಿರುಪುಮೊಳೆ ಹಾಕಿ ಬಿಗಿಯಬೇಕು. ಹಾಳೆಯೆಂದರೆ ಎಣಿಸಲಾರದಷ್ಟು ತ್ರಿಕೋಣಗಳು ಒಟ್ಟುಗೂಡಿದಂತೆ. ಎರಡು ಪಕ್ಕಗಳಿಗೂ ಅಂಥದೇ ಹಾಳೆ, ಇಲ್ಲವೆ ಮೂಲೆಯಿಂದ ಮೂಲೆಗೆ ಓರೆಪಟ್ಟಿ. ಮುಂಭಾಗ ತೆರೆದಿರಲೇಬೇಕಾದುದರಿಂದ ಅಲ್ಲಿ ಓರೆಪಟ್ಟಿಗೆ ಅವಕಾಶವಿಲ್ಲ. ಆ ಕೊರತೆಯನ್ನು ಅಂತಸ್ತುಗಳ ಹಲಗೆಗಳು ತುಂಬುತ್ತವೆ: ಅವನ್ನು ತೊಲೆಗಳಿಗೆ ಭದ್ರವಾಗಿ ಬಿಗಿದರೆ ಮುಂದಿನ ಕಾಲುಗಳು ಹಿಂದಿನ ಗಟ್ಟಿ ಗೋಡೆಗೆ ಕಟ್ಟಿದಂತಾಗಿ ಇಡೀ ಅಟ್ಟಣಿಗೆ ಒಂದು ಪೆಟ್ಟಿಗೆಯಂತೆ ನಿಲ್ಲುತ್ತದೆ. ಪಕ್ಕದ ಹಾಳೆಗಳಿಂದ ಮಕ್ಕಳು ಹತ್ತುವ ಮೆಟ್ಟಿಲೂ ಮುಚ್ಚಿಹೋಗುತ್ತದೆ.

ಚೌಕಟ್ಟನ್ನು ಜೋಡಿಸುವಾಗ ಮೂಲೆಮಟ್ಟವನ್ನಷ್ಟೇ ನಂಬದೆ ಎರಡು ಕರ್ಣಗಳನ್ನೂ ಅಳೆಯಬೇಕು. ಎದುರುಬದುರು ಬಾಹುಗಳು ಸಮನಾಗಿದ್ದು ಕರ್ಣಗಳೂ ಸಮನಾದರೆ ಮೂಲೆಗಳು ಲಂಬಕೋನವಾಗಿವೆಯೆಂದು ಅರ್ಥ. ಹಾಳೆ ಬಿಗಿಯುವುದಕ್ಕಿಂತ ಮೊದಲು ಈ ಪರೀಕ್ಷೆಯಾಗಬೇಕು. ಬಿಗಿದ ಮೇಲೆ ತಪ್ಪು ತಿದ್ದುವುದು ಅಸಾಧ್ಯ.

ಇನ್ನು ಮಗುಚುವ ಪ್ರಶ್ನೆ. ತಳದ ಅಗಲ 56 ಸೆಂಟಿಮೀಟರಾದುದರಿಂದ ನಡುಗೆರೆಯಿಂದ ಮುಂದಿನ ಅಂಚಿಗೆ 28 ಸೆಂಟಿಮೀಟರ್. 660 ಕಿಲೋ ಭಾರದ ಅಟ್ಟಣಿಗೆಯನ್ನು 140 ಸೆಂಟಿಮೀಟರ್ ಎತ್ತರದಲ್ಲಿ ಹಿಡಿದೆಳೆದು ಮಗುಚಬೇಕಾದರೆ 132 ಕಿಲೋ ಭಾರದಷ್ಟು ಸೆಳೆತ ಬೇಕು. ಇದು ಸಾಕಷ್ಟು ಭದ್ರವೇ. ಆದರೆ ಕೆಳಗಿನ ತೊಟ್ಟಿಯ ನೀರನ್ನು ಹೊರಹಾಕಿ ಮೇಲಿನದನ್ನು ತುಂಬಿಯೇ ಬಿಟ್ಟರೆ ಒಟ್ಟು ಭಾರ 400 ಕಿಲೋಗೆ ಇಳಿದು ಆ ಸೆಳೆತ 80 ಕಿಲೋ ಸಾಕಾಗುತ್ತದೆ. ಒಬ್ಬ ದೊಡ್ಡವರು ಆಯತಪ್ಪಿ ಮೇಲಂಚಿಗೆ ಜೋತುಬಿದ್ದರೆ ಅಪಾಯ ದೂರವಿಲ್ಲ. ಆದಕಾರಣ ತುಂಬುವಾಗ ಮೊದಲು ಕೆಳಗಿನ ತೊಟ್ಟಿ, ಬರಿದು ಮಾಡುವಾಗ ಮೊದಲು ಮೇಲಿನ ತೊಟ್ಟಿ ಎಂಬ ನಿಯಮವನ್ನು ಅಟ್ಟಣಿಗೆಯ ಮೇಲೆಯೇ ಬರೆದು ಅಂಟಿಸುವುದು ಒಳ್ಳೆಯದು. ಶಾಲೆಗಳಲ್ಲಿ ತೊಟ್ಟಿ ತೊಳೆಯುವ ಕೆಲಸ ವರ್ಷಕ್ಕೊಬ್ಬರ ಕೈಗೆ ಹೋಗುವುದರಿಂದ ಅಲ್ಲಿ ಇದು ಇನ್ನೂ ಅವಶ್ಯ. ಇದರ ಜೊತೆಗೆ ಮೇಲಂತಸ್ತಿನ ಹಿಂದಿನ ತೊಲೆಯನ್ನು ಎರಡು ಕಡೆ ಗೋಡೆಗೆ ಬೋಲ್ಟು ಹಾಕಿ ಬಂಧಿಸತಕ್ಕದ್ದು. ಗೋಡೆಗೆ ತೂತು ಬೀಳುವುದೆಂದು ಹಿಂಜರಿಯುವವರು ಎರಡನೆಯ ಅಂತಸ್ತಿನ ಆಸೆಯನ್ನೇ ಬಿಡುವುದು ಮೇಲು.

ಮರದ ಆಯ್ಕೆ, ನೀರಿನ ಕಾಟ

ಸಾಗವಾನಿ ಉತ್ತಮ, ಆದರೆ ದುಬಾರಿ. ಹೊನ್ನೆ, ಮತ್ತಿ ಮರಗಳು ಶತಮಾನಗಳಿಂದ ನಮ್ಮ ಮನೆಗಳ ತೊಲೆ ಜಂತಿಗಳಾಗಿ ದುಡಿದಿವೆ. ಕೆಡವಿದ ಹಳೆಯ ಮನೆಯ ತೊಲೆ ಸಿಕ್ಕರೆ ಅದಕ್ಕಿಂತ ಚೆನ್ನಾಗಿ ಒಣಗಿದ ಮರ ಬೇರೊಂದಿಲ್ಲ. ಹಸಿ ಮರವನ್ನು ಮಾತ್ರ ಯಾವ ಕಾರಣಕ್ಕೂ ಬಳಸಬಾರದು. ಪ್ಲೈವುಡ್ ಕೊಳ್ಳುವಾಗ ಭಾರತೀಯ ಮಾನಕ 710ರ ಗುರುತಿರುವ, ನೀರು ತಾಳುವ ಹಾಳೆಯನ್ನೇ ಕೇಳಿ ಪಡೆಯಬೇಕು. ಮರದ ಪುಡಿಯನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆಗಳು ಹೊಳಪಿನಿಂದ ಕಣ್ಸೆಳೆಯುತ್ತವೆ. ಒಂದು ಬಾರಿ ನೀರು ಕುಡಿದರೆ ಊದಿಕೊಂಡು ತಿರುಳು ಸಡಿಲುತ್ತದೆ.

ನಮ್ಮ ಮನೆಗಳಲ್ಲಿ ನೆಲವನ್ನು ನಿತ್ಯವೂ ನೀರು ಹಾಕಿ ಒರೆಸುವ ಪದ್ಧತಿಯಿದೆ. ಕಾಲಿನ ಕೊಯ್ದ ತುದಿ ಈ ನೀರನ್ನು ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ಹೀರುತ್ತದೆ. ತೊಟ್ಟಿ ಸೋರದಿದ್ದರೂ ಕಾಲು ಕೆಳಗಿನಿಂದ ಕೊಳೆಯುವುದು, ಗೆದ್ದಲು ಹತ್ತುವುದು ಹೀಗೆ. ತುದಿಗಳಿಗೆ ಬಣ್ಣವನ್ನು ಎರಡು ಮೂರು ಬಾರಿ ಕುಡಿಸಿ, ಅಡಿಯಲ್ಲಿ ದಪ್ಪ ರಬ್ಬರಿನ ಅಥವಾ ಕಲ್ಲಿನ ಬಿಲ್ಲೆ ಇಟ್ಟರೆ ಈ ಕಾಟ ತಪ್ಪುತ್ತದೆ.

ನೆಲ

ವಾಸದ ಮನೆಗಳ ನೆಲಕ್ಕೆ ಚದರ ಮೀಟರಿಗೆ ಸುಮಾರು 200 ಕಿಲೋ, ಶಾಲೆಯ ತರಗತಿಗಳಿಗೆ ಸುಮಾರು 300 ಕಿಲೋ ಬಳಕೆಯ ಭಾರವನ್ನು ಹಿಡಿದು ಚಾವಣಿಯನ್ನು ರಚಿಸುವುದು ಭಾರತೀಯ ಮಾನಕ 875ರ ವಿಧಿ. ಇಲ್ಲಿ ಹೇಳಿದ ಅಟ್ಟಣಿಗೆ ನಿಂತ ಜಾಗದ ಮೇಲೆ ಚದರ ಮೀಟರಿಗೆ 840 ಕಿಲೋದಷ್ಟು ಒತ್ತುತ್ತದೆ. ಕಾಂಕ್ರೀಟಿನ ಹಾಸು ಭಾರವನ್ನು ಸುತ್ತಲೂ ಹಂಚಿಕೊಳ್ಳುವುದರಿಂದ ಕೂಡಲೇ ಅನಾಹುತವಾಗುವುದೆಂದಲ್ಲ. ಆದರೂ ಮಹಡಿಯ ಕೋಣೆಯ ನಡುವೆ ಇದನ್ನಿರಿಸುವುದು ಅವಿವೇಕ. ಭಾರ ಹೊರುವ ಗೋಡೆಗೆ ಅಥವಾ ತೊಲೆಗೆ ಅಂಟಿಕೊಂಡಿರುವ ಸ್ಥಳವೇ ಯೋಗ್ಯ. ಮಾಳಿಗೆ ಮನೆಯ ಮೇಲಂತಸ್ತಿನಲ್ಲಾದರೆ ಅಟ್ಟಣಿಗೆಯ ಉದ್ದ ಜಂತಿಗಳಿಗೆ ಅಡ್ಡವಾಗಿರಬೇಕು. ಆಗ ಭಾರ ಹಲವು ಜಂತಿಗಳಿಗೆ ಹಂಚಿಹೋಗುತ್ತದೆ. ಮೂರು ಅಂತಸ್ತಿನ ಅಟ್ಟಣಿಗೆಗೆ ನೆಲಮಹಡಿಯೊಂದೇ ಸ್ಥಾನ.

ನೆಲ ಸಮತಟ್ಟಾಗಿರುವುದು ವಿರಳ. ನೀರು ಹರಿದುಹೋಗಲೆಂದು ಮೇಸ್ತ್ರಿಯೇ ಇಳಿಜಾರು ಇಟ್ಟಿರುತ್ತಾನೆ. ಬಿಗಿಯಾದ ನಾಲ್ಕು ಕಾಲಿನ ಅಟ್ಟಣಿಗೆಯನ್ನು ಏರುಪೇರಾದ ನೆಲದ ಮೇಲಿಟ್ಟರೆ ಅದು ಕರ್ಣದ ಎರಡು ಕಾಲುಗಳ ಮೇಲೆ ಮುಖ್ಯವಾಗಿ ನಿಲ್ಲುತ್ತದೆ. 165 ಕಿಲೋ ಹೊರಬೇಕಾದ ಕಾಲು 330 ಕಿಲೋ ಹೊರುತ್ತದೆ. ಕಾಲು ಹೊತ್ತೀತು, ಆದರೆ ಚೌಕಟ್ಟು ತಿರುಚಿಕೊಳ್ಳುತ್ತದೆ. ತೊಟ್ಟಿ ಒಂದು ಕಡೆಗೆ ತುಸು ವಾಲಿದರೆ ಆಗುವ ಹಾನಿಗಿಂತ ತಿರುಚಿಕೊಂಡರೆ ಆಗುವ ಹಾನಿ ಬಹು ಹೆಚ್ಚು. ತಿರುಚನ್ನು ಕಂಡುಹಿಡಿಯಲು ಅಂತಸ್ತಿನ ಚೌಕಟ್ಟಿನ ಮೂಲೆಯಿಂದ ಮೂಲೆಗೆ ಎರಡು ದಾರಗಳನ್ನು ಬಿಗಿಯಾಗಿ ಎಳೆದರೆ ಸಾಕು. ದಾರಗಳು ನಡುವೆ ಒಂದನ್ನೊಂದು ಮುಟ್ಟಿ ಮುಟ್ಟದಂತಿದ್ದರೆ ಮೈ ಸಮವಾಗಿದೆ. ಅಂತರವಿದ್ದರೆ, ಇಲ್ಲವೇ ಒಂದು ಇನ್ನೊಂದನ್ನು ಒತ್ತಿದರೆ ತಿರುಚಿದೆ. ಬೆಣೆ ಕೊಡಬೇಕಾದುದು ಕಾಲಿನ ಅಡಿಗೆ. ತೊಟ್ಟಿಗೂ ಹಲಗೆಗೂ ನಡುವೆ ರಟ್ಟಿನ ಚೂರು ಸಿಕ್ಕಿಸುವ ಅಭ್ಯಾಸ ಕೆಟ್ಟದ್ದು, ಏಕೆಂದರೆ ಗಾಜು ಆಗ ಒಂದೇ ಬಿಂದುವಿನ ಮೇಲೆ ನಿಲ್ಲುತ್ತದೆ.

ಇಲ್ಲಿ ತೊಟ್ಟಿಯ ಜಾತಿಯನ್ನೂ ಗಮನಿಸಬೇಕು. ಇಂಗ್ಲೆಂಡಿನಲ್ಲಿ 1850ರ ಸುಮಾರಿಗೆ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನ ವಿಜ್ಞಾನಿ ಮೀನು, ನೀರುಗಿಡ, ಬಸವನಹುಳುಗಳನ್ನು ಒಂದೇ ಪಾತ್ರೆಯಲ್ಲಿ ಪರಸ್ಪರ ಪೋಷಕವಾಗಿ ಇರಿಸಿ ತೋರಿಸಿದ ಮೇಲೆ, 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಗಾರ ತೆರೆಯಿತು. ಆ ಕಾಲದಿಂದ ಬಹುಕಾಲ ತೊಟ್ಟಿಗಳಿಗೆ ಲೋಹದ ಚೌಕಟ್ಟು ಇರುತ್ತಿತ್ತು. ಸಿಲಿಕೋನ್ ಅಂಟು ಬಳಕೆಗೆ ಬಂದ ಅನಂತರ ಗಾಜಿಗೆ ಗಾಜನ್ನೇ ಅಂಟಿಸಿದ ತೊಟ್ಟಿಗಳು ಹಬ್ಬಿದವು. ತಳದಲ್ಲಿ ಚೌಕಟ್ಟುಳ್ಳ ತೊಟ್ಟಿ ತನ್ನ ನಾಲ್ಕು ಅಂಚುಗಳ ಮೇಲೆ ನಿಲ್ಲುವುದರಿಂದ ಅದರ ಕೆಳಗೆ ಮೆತ್ತೆ ಹಾಕಬಾರದು. ಮೆತ್ತೆ ತಳದ ಗಾಜನ್ನು ಮೇಲಕ್ಕೆ ಒತ್ತುತ್ತದೆ. ಚೌಕಟ್ಟಿಲ್ಲದ ತೊಟ್ಟಿಗೆ ಪ್ಲೈವುಡ್ಡಿನ ಮೇಲೆ 12 ಮಿಲಿಮೀಟರ್ ದಪ್ಪದ ಥರ್ಮೋಕೋಲ್ ಹಾಳೆ ಅವಶ್ಯ. ತಳದ ಗಾಜಿಗೆ ಸಿಕ್ಕ ಸಣ್ಣ ಮರಳುಕಣವನ್ನೂ ಅದು ತನ್ನೊಳಗೆ ಅಡಗಿಸಿಕೊಳ್ಳುತ್ತದೆ.

ನೀರು ತುಂಬುವ ದಿನ

ತೊಟ್ಟಿಗಳನ್ನು ಏರಿಸಿದ ದಿನವೇ ಮೀನು ಬಿಡುವ ಉತ್ಸಾಹವನ್ನು ತಡೆದುಕೊಳ್ಳಬೇಕು. ವಿದ್ಯುತ್ ಜೋಡಣೆಯನ್ನು ಮೊದಲು ನೋಡತಕ್ಕದ್ದು. ಸ್ವಿಚ್ಚಿನ ಹಲಗೆ ತೊಟ್ಟಿಯ ಕೆಳಗಿರಕೂಡದು. ತಂತಿಗಳು ಪ್ಲಗ್ಗಿಗೆ ಹೋಗುವ ಮುನ್ನ ಒಮ್ಮೆ ಕೆಳಗೆ ಜೋಲುಬಿದ್ದು ಮತ್ತೆ ಮೇಲೇರಿದರೆ, ತಂತಿಯ ಗುಂಟ ಇಳಿದ ನೀರು ಆ ಜೋಲಿನಲ್ಲಿಯೇ ತೊಟ್ಟಿಕ್ಕಿ ಹೋಗುತ್ತದೆ. 30 ಮಿಲಿ ಆಂಪಿಯರ್ ಸೋರಿಕೆಗೆ ವಿದ್ಯುತ್ತನ್ನು ಕಡಿದುಹಾಕುವ ಸುರಕ್ಷಾ ಸ್ವಿಚ್ಚು ಇರಲೇಬೇಕು.

ಬಳಿಕ ಕೆಳಗಿನ ತೊಟ್ಟಿಗೆ ಕಾಲುಭಾಗ ನೀರು ಹಾಕಿ ರಸಮಟ್ಟವಿಟ್ಟು ನೋಡುವುದು. ಅರ್ಧಕ್ಕೆ ಬಂದಾಗ ಮತ್ತೊಮ್ಮೆ. ನೀರೇ ಎಲ್ಲಕ್ಕಿಂತ ನಿಷ್ಠುರವಾದ ಮಟ್ಟಗೋಲು: ಗಾಜಿನ ಎರಡು ಕೊನೆಗಳಲ್ಲಿ ಅಂಚಿನಿಂದ ನೀರಿಗೆ ಇರುವ ಅಂತರವನ್ನು ಅಳೆದರೆ ವಾಲಿದ್ದು ತಾನೇ ತಿಳಿಯುತ್ತದೆ. ನಾಲ್ಕು ಅಡಿಯಲ್ಲಿ ಎರಡು ಮೂರು ಮಿಲಿಮೀಟರಿಗಿಂತ ಹೆಚ್ಚಿದ್ದರೆ ನೀರು ಹೊರತೆಗೆದು ಬೆಣೆ ಸರಿಪಡಿಸಬೇಕು. ತುಂಬಿದ ತೊಟ್ಟಿಯ ಕೆಳಗೆ ಬೆಣೆ ಹೊಡೆಯುವ ಸಾಹಸ ಸಲ್ಲದು. ಕೆಳಗಿನದು ಪೂರ್ಣ ತುಂಬಿದ ಮೇಲೆ ಮೇಲಿನದು. ಎರಡೂ ತುಂಬಿದ ಅಟ್ಟಣಿಗೆಯನ್ನು ಒಂದು ದಿನ ಒಂದು ರಾತ್ರಿ ಹಾಗೆಯೇ ಬಿಟ್ಟು, ತೊಲೆಗಳ ಕೆಳಗೆ ಕೊನೆಯಿಂದ ಕೊನೆಗೆ ದಾರ ಹಿಡಿದು ನಡುವಿನ ಬಾಗನ್ನು ಅಳೆದು, ತಾರೀಖಿನೊಡನೆ ಹಿಂದಿನ ಹಾಳೆಯ ಮೇಲೆ ಬರೆದಿಡಬೇಕು. ಆರು ತಿಂಗಳಿಗೊಮ್ಮೆ ಅದೇ ದಾರ ಹಿಡಿದು ಅದರ ಕೆಳಗೆ ಹೊಸ ಅಂಕಿ ಬರೆಯುತ್ತ ಹೋದರೆ, ಬಾಗು ನಿಂತಿದೆಯೋ ಬೆಳೆಯುತ್ತಿದೆಯೋ ಎಂಬುದು ಕಾಣುತ್ತದೆ. ಬೆಳೆಯುತ್ತಲೇ ಇದ್ದರೆ ಮೇಲಿನ ತೊಟ್ಟಿಯನ್ನು ಮೊದಲು ಬರಿದು ಮಾಡಿ ಬಡಗಿಯನ್ನು ಕರೆಸುವುದು.